ಗುಲ್ವಾಡಿ ವೆಂಕಟರಾಯರು ಮತ್ತು ಕನ್ನಡದಲ್ಲಿ ವಾಸ್ತವ ಕಾದಂಬರಿಯ ಉದಯ

೧

ಹೊಸಗನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ಹೆಸರಿಸದೆ ಮುಂದೆ ಸಾಗುವುದಿಲ್ಲ. ಆದರೆ ಹೆಸರಿಸಿದ ಮರುಕ್ಷಣವೇ ಅವರ ಮಾತಿನಲ್ಲಿ ಒಂದು ಬಗೆಯ ಸಂಕೋಚವೂ ತೋರುತ್ತದೆ. ಅದು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಒಪ್ಪುತ್ತಾರೆ. ಒಡನೆಯೇ, ಅದರಲ್ಲಿ ಉಪದೇಶ ಹೆಚ್ಚು, ಸಜ್ಜನರಿಗೆ ಜಯವೂ ದುರ್ಜನರಿಗೆ ಅಪಜಯವೂ ಲೆಕ್ಕ ಹಾಕಿದಂತೆ ಒದಗುತ್ತವೆ, ಆದುದರಿಂದ ಅದು ಚರಿತ್ರೆಗೆ ಸೇರಿದ ವಸ್ತುವೇ ಹೊರತು ಕಲೆಗೆ ಸೇರಿದುದಲ್ಲ ಎಂದು ಬದಿಗಿಡುತ್ತಾರೆ. ಕಾಲೇಜಿನ ತರಗತಿಗಳಲ್ಲಿಯೂ ಈ ಗ್ರಂಥಕ್ಕೆ ಸಲ್ಲುವುದು ಬಹುಮಟ್ಟಿಗೆ ಇದೇ ಮರ್ಯಾದೆ: ಒಂದು ಇಸವಿ, ಒಂದು ‘ಮೊದಲು’ ಎಂಬ ಬಿರುದು, ಒಂದು ಕ್ಷಮಾಪಣೆ.

ಈ ತೀರ್ಪನ್ನು ಮತ್ತೊಮ್ಮೆ ವಿಚಾರಿಸಬೇಕೆಂಬುದು ನಮ್ಮ ಉದ್ದೇಶ. ಅದಕ್ಕಾಗಿ ನಾವು ಎರಡು ಕೆಲಸ ಮಾಡಬೇಕಾಗಿದೆ. ಮೊದಲನೆಯದು, ಈ ಕಾದಂಬರಿಯನ್ನು ಅದು ಹುಟ್ಟಿದ ಕರಾವಳಿಯಲ್ಲಿಟ್ಟು ನೋಡುವುದು. ಎರಡನೆಯದು, ವೆಂಕಟರಾಯರಿಗಿಂತ ಒಂದೇ ವರ್ಷಕ್ಕೆ ಹಿರಿಯನಾದ, ಅವರ ಹೆಸರನ್ನು ಕೇಳದ, ಆದರೆ ಅವರದೇ ವಸ್ತುವನ್ನು ಎತ್ತಿಕೊಂಡು ಬರೆದ ಸ್ಪೇನ್ ದೇಶದ ಒಬ್ಬ ಮಹಾ ಕಾದಂಬರಿಕಾರನ ಪಕ್ಕದಲ್ಲಿಟ್ಟು ನೋಡುವುದು. ಬೆನಿತೊ ಪೆರೆಸ್ ಗಾಲ್ದೋಸ್ ಹುಟ್ಟಿದುದು ೧೮೪೩ರಲ್ಲಿ. ವೆಂಕಟರಾಯರು ಹುಟ್ಟಿದುದು ೧೮೪೪ರಲ್ಲಿ. ಇವರಲ್ಲಿ ಒಬ್ಬರಿಂದ ಒಬ್ಬರಿಗೆ ಪ್ರಭಾವವಾಯಿತೆಂದು ನಾವು ಹೇಳುತ್ತಿಲ್ಲ. ಪ್ರಭಾವವಿಲ್ಲದ ಕಡೆಯಲ್ಲಿಯೂ ಒಂದೇ ಬಗೆಯ ಪ್ರಶ್ನೆ ಹುಟ್ಟಿದಾಗ ಉತ್ತರಗಳು ಏಕೆ ಬೇರೆಯಾಗುತ್ತವೆ ಎಂಬುದೇ ಇಲ್ಲಿಯ ವಿಚಾರ.

೨

ಕುಮಟೆಯ ಉತ್ತರಕ್ಕೆ ಮಿರ್ಜಾನು, ಹಿರೇಗುತ್ತಿ, ಗೋಕರ್ಣ. ದಕ್ಷಿಣಕ್ಕೆ ಹೊನ್ನಾವರ, ಕರ್ಕಿ, ಶಿರಾಲಿ, ಭಟ್ಕಳ. ಅದರಾಚೆಗೆ ಕುಂದಾಪುರ ತಾಲೂಕಿನ ಗುಲ್ವಾಡಿ, ಕೊನೆಗೆ ಮಂಗಳೂರು. ಇಂದು ನಾವು ಇವನ್ನು ಬೇರೆ ಬೇರೆ ಜಿಲ್ಲೆಗಳ ಊರುಗಳೆಂದು ಎಣಿಸುತ್ತೇವೆ. ವೆಂಕಟರಾಯರು ಹುಟ್ಟಿದಾಗ ಇವೆಲ್ಲವೂ ಮದರಾಸು ಆಧಿಪತ್ಯಕ್ಕೆ ಸೇರಿದ ಕೆನರಾ ಎಂಬ ಒಂದೇ ಜಿಲ್ಲೆಯಲ್ಲಿದ್ದುವು. ೧೮೬೦ರ ಸುಮಾರಿಗೆ ಆ ಜಿಲ್ಲೆ ಉತ್ತರ, ದಕ್ಷಿಣ ಎಂದು ಎರಡಾಯಿತು. ೧೮೬೨ರಲ್ಲಿ ಉತ್ತರ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಿದರು. ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲಿಯೇ ಉಳಿಯಿತು. ಹೀಗೆ ವೆಂಕಟರಾಯರ ಹುಟ್ಟೂರು ಹೊಸ ಗಡಿಯ ಒಂದು ಮಗ್ಗುಲಿಗೂ, ಅವರ ಸಮಾಜದ ಗುರುಪೀಠ ಇನ್ನೊಂದು ಮಗ್ಗುಲಿಗೂ ಬಿದ್ದುವು.

ಈ ಗುರುಪೀಠದ ಮಾತು ನಮ್ಮ ವಿಷಯಕ್ಕೆ ಮುಖ್ಯವಾದುದು. ವೆಂಕಟರಾಯರು ಚಿತ್ರಾಪುರ ಸಾರಸ್ವತರು. ಈ ಸಮಾಜದ ಗುರುಪರಂಪರೆ ೧೭೦೮ರಲ್ಲಿ ಗೋಕರ್ಣದಲ್ಲಿ ಆರಂಭವಾಯಿತೆಂದು ಅವರ ಸಂಪ್ರದಾಯ. ಮುಂದೆ ಮಠವು ಭಟ್ಕಳದ ಸಮೀಪದ ಶಿರಾಲಿಯಲ್ಲಿ ನೆಲೆಸಿತು. ಕರಾವಳಿಯ ಹಳ್ಳಿಹಳ್ಳಿಗಳಲ್ಲಿ ಹರಡಿಕೊಂಡಿದ್ದ ಈ ಮನೆತನಗಳು ತಾವು ನೆಲೆಸಿದ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಮಾಡಿಕೊಂಡವು. ಶಾನುಭೋಗಿಕೆ ಇವರಲ್ಲಿ ಅನೇಕರ ವೃತ್ತಿ. ೧೭೯೯ರಲ್ಲಿ ಕೆನರಾ ಇಂಗ್ಲಿಷರ ಕೈಸೇರಿದ ಮೇಲೆ ಕಂದಾಯ, ನ್ಯಾಯಾಲಯ, ಪೊಲೀಸು ಮೊದಲಾದ ಕಛೇರಿಗಳು ಬೆಳೆದಂತೆ, ಲೇಖನಿಯನ್ನು ಹಿಡಿದು ಬಾಳುತ್ತಿದ್ದ ಈ ಜನಕ್ಕೆ ಹೊಸ ಉದ್ಯೋಗಗಳು ದೊರೆತವು. ಸಂಬಳ ಬಂದಿತು, ಸಂಬಳದ ಜೊತೆಗೆ ಗಿಂಬಳವೂ ಬಂದಿತು. ಗಂಡಸು ಹಗಲು ಸರಕಾರದ ಕಾನೂನಿನೊಳಗೆ ಇರುವನು. ಸಂಜೆ ಮನೆಗೆ ಬಂದೊಡನೆ ಇನ್ನೊಂದು ಕಾನೂನಿನ ಒಳಗಾಗುವನು. ‘ಇಂದಿರಾಬಾಯಿ’ ಹುಟ್ಟಿದುದು ಈ ಎರಡು ಕಾನೂನುಗಳ ನಡುವಣ ಹೊಸ್ತಿಲಿನ ಮೇಲೆ.

ಆ ಹೊಸ್ತಿಲಿನ ಮೇಲೆ ನಿಂತವರು ವೆಂಕಟರಾಯರೊಬ್ಬರೇ ಅಲ್ಲ. ಹೊನ್ನಾವರದಲ್ಲಿ ೧೮೫೫ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು ಇದೇ ಸಮಾಜದವರು. ೧೮೮೫ರಲ್ಲಿ ಭಾರತದ ಪಕ್ಷವನ್ನು ಇಂಗ್ಲಿಷ್ ಮತದಾರರಿಗೆ ತಿಳಿಯಪಡಿಸಲು ಇಂಗ್ಲೆಂಡಿಗೆ ಹೋದ ಮೂವರಲ್ಲಿ ಅವರೂ ಒಬ್ಬರು. ೧೯೦೦ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು. ತರುವಾಯ ಮುಂಬಯಿ ಉಚ್ಚನ್ಯಾಯಾಲಯದ ನ್ಯಾಯಾಧೀಶರು. ಪ್ರಾರ್ಥನಾ ಸಮಾಜದ ಮುಂದಾಳು. ಆ ಕಾಲದಲ್ಲಿ ಕಡಲು ದಾಟಿ ಬಂದವನಿಗೆ ಜಾತಿಯಿಂದ ಬಹಿಷ್ಕಾರದ ಭಯವಿದ್ದೇ ಇತ್ತು. ಕಾದಂಬರಿಯಲ್ಲಿ ಇಂಗ್ಲೆಂಡಿಗೆ ಹೋಗಿ ಬರುವ ಭಾಸ್ಕರರಾಯನನ್ನು ಕಂಡು ಇದು ಕೇವಲ ಕಲ್ಪನೆ ಎನ್ನುವವರು, ಹೊನ್ನಾವರದ ಈ ನಿಜವಾದ ಮನುಷ್ಯನನ್ನು ನೆನೆಯಬೇಕು.

ಅತ್ತ ಮಂಗಳೂರಿನಲ್ಲಿ ೧೮೩೪ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಮುದ್ರಣಾಲಯಗಳನ್ನು ಕಟ್ಟಿದ್ದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟುದು ೧೮೪೩ರಲ್ಲಿ. ೧೮೭೦ರಲ್ಲಿ ಉಳ್ಳಾಲ ರಘುನಾಥಯ್ಯನವರ ಪ್ರಯತ್ನದಿಂದ ಅಲ್ಲಿ ಬ್ರಾಹ್ಮ ಸಮಾಜ ನೆಲೆಗೊಂಡಿತು. ಸಾರಸ್ವತರೇ ಆದ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ದಲಿತರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿದರು. ಎರಡು ವರ್ಷಗಳ ತರುವಾಯ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು.

೩

ವೆಂಕಟರಾಯರು ವೃತ್ತಿಯಿಂದ ಪೊಲೀಸ್ ಇಲಾಖೆಯವರು. ‘ಇಂದಿರಾಬಾಯಿ’ ಪ್ರಕಟವಾದಾಗ ಅವರಿಗೆ ಐವತ್ತೈದು ವರ್ಷಗಳಾಗಿದ್ದುವು. ೧೯೦೦ರಲ್ಲಿ ‘ಭಾಗೀರಥಿ’ ಎಂಬ ಎರಡನೆಯ ಕಥೆಯನ್ನು ಹೊರತಂದರು. ೧೯೧೩ರಲ್ಲಿ ತೀರಿಕೊಂಡರು. ಎಂದರೆ, ಬಾಳಿನ ಬಹುಭಾಗವನ್ನು ದೂರು ಕೇಳುವುದರಲ್ಲಿ, ಸಾಕ್ಷಿ ತೂಗುವುದರಲ್ಲಿ, ಹೇಳಿಕೆ ಬರೆದುಕೊಳ್ಳುವುದರಲ್ಲಿ ಕಳೆದ ಒಬ್ಬರು ವಯಸ್ಸಾದ ಮೇಲೆ ಕಾದಂಬರಿಗೆ ಕೈಹಾಕಿದರು. ಅವರಿಗೆ ಮುಂಚೆ ಕನ್ನಡದಲ್ಲಿ ಕಥಾಗದ್ಯವಿರಲಿಲ್ಲವೆಂದಲ್ಲ. ಕೆಂಪುನಾರಾಯಣನ ‘ಮುದ್ರಾಮಂಜೂಷ’ ೧೮೨೩ರಷ್ಟು ಹಿಂದಿನದು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಥೆಗಳನ್ನು ಬಂಗಾಳಿಯಿಂದ ತರುತ್ತಿದ್ದರು. ಗದಗಕರರ ‘ಸೂರ್ಯಕಾಂತ’ ೧೮೯೨ರಲ್ಲಿ ಬಂದಿತು. ಇವೆಲ್ಲ ರಾಜರ, ವೀರರ, ಅದ್ಭುತ ಸಂಘಟನೆಗಳ ಕಥೆಗಳು. ತನ್ನ ಕಾಲದ, ತನ್ನ ಜನದ, ತನ್ನ ಬೀದಿಯ ಮನೆಯೊಂದನ್ನು ಹೊಕ್ಕು, ಅಲ್ಲಿ ನಡೆಯುವುದನ್ನೇ ಕಥೆಯೆಂದು ತಿಳಿದು ಬರೆದವರಲ್ಲಿ ವೆಂಕಟರಾಯರೇ ಮೊದಲಿಗರು.

ಕಥೆಯ ಸಾರವನ್ನು ಇಲ್ಲಿ ಹೇಳಿಬಿಡಬಹುದು. ಕಮಲಪುರವೆಂಬ ಊರಿನ ಭೀಮರಾಯ ಲಂಚದಿಂದ ಹಣ ಕೂಡಿಸಿದವನು. ಅವನ ಹೆಂಡತಿ ಅಂಬಾಬಾಯಿ ಸಂತರೆಂದು ಕರೆಸಿಕೊಳ್ಳುವ ಒಂದು ಮಂಡಳಿಯ ಭಕ್ತೆ. ಅವರ ಮಗಳು ಇಂದಿರೆ ಎಳೆಯ ವಯಸ್ಸಿನಲ್ಲಿ ವಿಧವೆಯಾಗುತ್ತಾಳೆ. ವಿಧವೆಯಾದ ಮಗಳು ಈ ಸಂತರ ಸೇವೆಯಲ್ಲಿ ಕಾಲ ಕಳೆಯಬೇಕೆಂದು ತಾಯಿಯ ಹಟ. ಸಂತರ ದೃಷ್ಟಿ ಎಂತಹುದೆಂದು ಮಗಳು ಬಲ್ಲಳು. ಅವಳು ತಾಯಿಯ ಮನೆಯನ್ನು ಬಿಟ್ಟು, ಸುಧಾರಕನಾದ ಅಮೃತರಾಯ ಮತ್ತು ಅವನ ಹೆಂಡತಿ ಜಲಜಾಕ್ಷಿಯರ ಆಶ್ರಯಕ್ಕೆ ಬರುತ್ತಾಳೆ, ವಿದ್ಯೆ ಕಲಿಯುತ್ತಾಳೆ. ಅಮೃತರಾಯನ ಆಶ್ರಯದಲ್ಲಿ ಬೆಳೆದ ಭಾಸ್ಕರರಾಯ ಇಂಗ್ಲೆಂಡಿನಲ್ಲಿ ಓದಿ ದೊಡ್ಡ ಅಧಿಕಾರಿಯಾಗಿ ಹಿಂತಿರುಗಿ, ಬಹಿಷ್ಕಾರಕ್ಕೆ ಅಂಜದೆ ಅವಳನ್ನು ಮದುವೆಯಾಗುತ್ತಾನೆ. ಗ್ರಂಥದ ಎರಡನೆಯ ಹೆಸರೇ ಹೇಳುವಂತೆ, ಸದ್ಧರ್ಮಕ್ಕೆ ವಿಜಯವಾಗುತ್ತದೆ.

ಸಾರವನ್ನು ಹೀಗೆ ಹೇಳಿದರೆ ವಿಮರ್ಶಕರ ಸಂಕೋಚ ನ್ಯಾಯವೆಂದೇ ತೋರುತ್ತದೆ. ಆದರೆ ಸಾರದಲ್ಲಿ ಬಾರದ ಒಂದು ಸಂಗತಿ ಇದೆ. ಗ್ರಂಥವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ಭಾಸ್ಕರರಾಯನಲ್ಲ, ಅಮೃತರಾಯನಲ್ಲ; ಅಂಬಾಬಾಯಿ. ಅವಳು ದುಷ್ಟೆಯೆಂದು ಹೇಳಿ ಮುಗಿಸಲು ಬಾರದು. ಮಗಳು ಹಾಳಾಗಲೆಂದು ಅವಳು ಬಯಸುವುದಿಲ್ಲ. ಮಗಳಿಗೆ ಪುಣ್ಯ ಬರಲೆಂದೇ ಬಯಸುತ್ತಾಳೆ. ಗಂಡ ಕಛೇರಿಯಿಂದ ತರುವ ಹಣ ಎಂತಹುದೆಂಬ ಪ್ರಶ್ನೆ ಅವಳಿಗೆ ಹುಟ್ಟುವುದಿಲ್ಲ. ಆ ಹಣ ಸಂತರ ಸಮಾರಾಧನೆಗೆ ಹೋದೊಡನೆ ಶುದ್ಧವಾಯಿತೆಂದು ಅವಳ ನಂಬಿಕೆ. ಲಂಚ ಒಂದು ಬಾಗಿಲಿನಿಂದ ಬರುತ್ತದೆ, ಭಕ್ತಿ ಇನ್ನೊಂದು ಬಾಗಿಲಿನಿಂದ ಅದನ್ನು ಹೊರಗೆ ಕಳುಹಿಸುತ್ತದೆ, ನಡುವೆ ವಿಧವೆಯಾದ ಒಬ್ಬ ಹುಡುಗಿ ಬಂದಿಯಾಗಿದ್ದಾಳೆ. ಈ ಮನೆಯ ಆಯವ್ಯಯವನ್ನು ಇಷ್ಟು ಸ್ಪಷ್ಟವಾಗಿ ಕಂಡುದು ಕಣ್ಣಿಗೆ ಕಂಡುದನ್ನು ಹಾಗೆಯೇ ದಾಖಲಿಸುವ ಅಭ್ಯಾಸದಿಂದ ಎಂದು ನಾವು ಊಹಿಸುತ್ತೇವೆ. ಉಪದೇಶ ಮಾಡುವಾಗ ವೆಂಕಟರಾಯರು ಸುಧಾರಕರು. ಅಂಬಾಬಾಯಿಯ ಮನೆಯನ್ನು ತೋರಿಸುವಾಗ ಮಾತ್ರ ಅವರು ಕಾದಂಬರಿಕಾರರು.

೪

ಈಗ ಸ್ಪೇನಿನ ಕಡೆಗೆ ತಿರುಗೋಣ. ಗಾಲ್ದೋಸ್ ಹುಟ್ಟಿದುದು ಸ್ಪೇನಿನ ಮುಖ್ಯ ಭೂಭಾಗದಲ್ಲಲ್ಲ. ಆಫ್ರಿಕದ ತೀರಕ್ಕೆ ಸಮೀಪವಾದ ಕನಾರಿ ದ್ವೀಪಗಳಲ್ಲಿ, ಲಾಸ್ ಪಾಲ್ಮಾಸ್ ಎಂಬ ಪಟ್ಟಣದಲ್ಲಿ. ಸೈನ್ಯಾಧಿಕಾರಿಯೊಬ್ಬನ ಹತ್ತು ಮಕ್ಕಳಲ್ಲಿ ಕೊನೆಯವನು. ತಾಯಿ ಬಹು ಕಟ್ಟುನಿಟ್ಟಿನ ಹೆಂಗಸೆಂದು ಅವನ ಚರಿತ್ರಕಾರರೆಲ್ಲರೂ ಹೇಳುತ್ತಾರೆ. ೧೮೬೨ರಲ್ಲಿ ನ್ಯಾಯಶಾಸ್ತ್ರವನ್ನೋದಲು ಮದ್ರಿದ್ ನಗರಕ್ಕೆ ಬಂದನು. ಪಾಠಗಳಿಗಿಂತ ಬೀದಿಗಳು, ಕಾಫಿ ಅಂಗಡಿಗಳು, ನಾಟಕಶಾಲೆಗಳು ಅವನಿಗೆ ಹೆಚ್ಚು ಕಲಿಸಿದುವು. ಪತ್ರಿಕೆಗಳಿಗೆ ಬರೆದನು, ೧೮೬೮ರಲ್ಲಿ ಡಿಕನ್ಸನ ‘ಪಿಕ್‌ವಿಕ್’ ಕಥೆಯನ್ನು ಸ್ಪಾನಿಷ್ ಭಾಷೆಗೆ ತಂದನು. ಅದೇ ವರ್ಷ ರಾಣಿ ಎರಡನೆಯ ಇಸಬೆಲ್ಲಳನ್ನು ಪದಚ್ಯುತಗೊಳಿಸಿದ ಕ್ರಾಂತಿಯಾಯಿತು. ಹಳೆಯ ಧರ್ಮಾಧಿಕಾರಕ್ಕೂ ಹೊಸ ಪ್ರಜಾಧಿಕಾರಕ್ಕೂ ನಡೆದ ಹೋರಾಟವೇ ಅವನ ಬರವಣಿಗೆಗೆ ವಸ್ತುವಾಯಿತು.

ಅವನ ಗ್ರಂಥರಾಶಿ ಬೆರಗುಗೊಳಿಸುವಂತಹುದು. ಸ್ಪೇನಿನ ಹತ್ತೊಂಬತ್ತನೆಯ ಶತಮಾನದ ಇತಿಹಾಸವನ್ನು ಕಥೆಯಾಗಿ ಹೇಳುವ ‘ರಾಷ್ಟ್ರೀಯ ಪ್ರಸಂಗಗಳು’ ಎಂಬ ಮಾಲೆಯೊಂದೇ ೪೬ ಸಂಪುಟಗಳು. ೧೮೭೩ರಿಂದ ೧೯೧೨ರವರೆಗೆ ಬಂದುವು. ಜೊತೆಗೆ ಸಮಕಾಲೀನ ಜೀವನದ ಕಾದಂಬರಿಗಳು ಬೇರೆ: ಇಬ್ಬರು ಹೆಂಗಸರ ಬಾಳಿನ ಮೂಲಕ ಮದ್ರಿದ್ದಿನ ಎಲ್ಲ ವರ್ಗಗಳನ್ನೂ ಚಿತ್ರಿಸುವ ‘ಫೊರ್ತುನಾತಾ ಮತ್ತು ಹಸಿಂತಾ’ (೧೮೮೬-೮೭), ಕೆಲಸ ಕಳೆದುಕೊಂಡ ಸರಕಾರಿ ನೌಕರನ ದುರಂತವಾದ ‘ಮಿಯಾವ್’ (೧೮೮೮), ತನ್ನ ಒಡತಿಯನ್ನು ಉಪವಾಸ ಕೆಡಹಬಾರದೆಂದು ಗುಟ್ಟಾಗಿ ಭಿಕ್ಷೆ ಬೇಡುವ ದಾಸಿಯ ಕಥೆಯಾದ ‘ಮಿಸೆರಿಕೋರ್ದಿಯಾ’ (೧೮೯೭). ಅವನು ಮದುವೆಯಾಗಲಿಲ್ಲ, ಎರಡು ಬೇರೆ ಬೇರೆ ಪಕ್ಷಗಳಿಂದ ಶಾಸನಸಭೆಯ ಸದಸ್ಯನಾದನು, ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡು ೧೯೨೦ರಲ್ಲಿ ತೀರಿಕೊಂಡನು.

ನಮಗೆ ಇಲ್ಲಿ ಬೇಕಾದುದು ಅವನ ೧೮೭೬ರ ‘ಡೋನ್ಯಾ ಪೆರ್ಫೆಕ್ಟಾ’. ಓರ್ಬಹೋಸ ಎಂಬುದು ಕಲ್ಪಿತವಾದ ಒಂದು ಸಣ್ಣ ಊರು. ಅಲ್ಲಿ ಪೆರ್ಫೆಕ್ಟಾ ಎಂಬ ಶ್ರೀಮಂತ ವಿಧವೆ, ಅವಳ ಮಗಳು ರೊಸಾರಿಯೊ. ಆ ಹುಡುಗಿಯನ್ನು ಮದುವೆಯಾಗಲೆಂದು ಪೆರ್ಫೆಕ್ಟಾಳ ಅಣ್ಣನ ಮಗ ಪೆಪೆ ರೇ ಬರುತ್ತಾನೆ. ಅವನು ಇಂಜಿನಿಯರು, ಹೊಸ ವಿದ್ಯೆ ಕಲಿತವನು, ತಿಳಿದುದನ್ನು ಮುಚ್ಚಿಡದೆ ಹೇಳುವವನು. ಊರಿನ ದೇವಾಲಯದ ಪಾದ್ರಿ ಡಾನ್ ಇನೊಸೆನ್ಸಿಯೊ ನಯವಾದ ಮಾತಿನಿಂದಲೇ ಅವನನ್ನು ನಾಸ್ತಿಕನೆನ್ನಿಸುತ್ತಾನೆ. ಅತ್ತೆ ನಗುಮುಖದಿಂದಲೇ ಅವನ ದಾರಿಗಳನ್ನೆಲ್ಲ ಕಟ್ಟುತ್ತಾಳೆ. ಮಗಳನ್ನು ಮನೆಯಲ್ಲಿ ಕೂಡಿಹಾಕುತ್ತಾಳೆ. ಕೊನೆಗೆ ರಾತ್ರಿ ತೋಟಕ್ಕೆ ಬಂದ ಸೋದರಳಿಯನನ್ನು ತನ್ನ ಬಂಟನಿಂದ ಕೊಲ್ಲಿಸುತ್ತಾಳೆ. ಊರು ಅದನ್ನು ಆತ್ಮಹತ್ಯೆಯೆಂದು ಮಾತನಾಡಿಕೊಳ್ಳುತ್ತದೆ. ಹುಡುಗಿಗೆ ಬುದ್ಧಿಭ್ರಮಣೆಯಾಗುತ್ತದೆ.

೫

ಎರಡು ಕಥೆಗಳ ಸಾಮ್ಯ ಯಾರಿಗೂ ಕಾಣುವಂತಹುದು. ಭೂಪಟದಲ್ಲಿಲ್ಲದ, ಆದರೆ ಎಲ್ಲರೂ ಬಲ್ಲ ಒಂದು ಸಣ್ಣ ಊರು. ಭಕ್ತಿಯಲ್ಲಿ ಮುಳುಗಿದ ಒಬ್ಬ ತಾಯಿ. ಅವಳ ಭಕ್ತಿಯ ಮೇಲೆ ಬಾಳುವ ಧರ್ಮಾಧಿಕಾರಿಗಳು. ಮನೆಯೊಳಗೆ ಸಿಕ್ಕಿಕೊಂಡ ಮಗಳು. ಹೊರಗಿನಿಂದ ಹೊಸ ವಿದ್ಯೆಯನ್ನು ತಂದ ಯುವಕ. ಓರ್ಬಹೋಸದಲ್ಲಿ ತಾಯಿ ಗೆಲ್ಲುತ್ತಾಳೆ. ಕಮಲಪುರದಲ್ಲಿ ಮಗಳು ಗೆಲ್ಲುತ್ತಾಳೆ. ವಾಸ್ತವತೆಯೆಂದರೆ ಕಹಿಯಾದ ಮುಕ್ತಾಯವೆಂದು ತಿಳಿದವರಿಗೆ ಗಾಲ್ದೋಸ್ ವಾಸ್ತವವಾದಿ, ವೆಂಕಟರಾಯರು ಆಶಾವಾದಿ. ಇಷ್ಟಕ್ಕೇ ನಿಲ್ಲುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದು. ಗೆಲವು ಸೋಲುಗಳು ಬೇರೆಯಾದುದಕ್ಕೆ ಮೂರು ಕಾರಣಗಳನ್ನು ನಾವು ಕಾಣುತ್ತೇವೆ.

ಮೊದಲನೆಯದು ಓದುಗರು. ಗಾಲ್ದೋಸನಿಗೆ ರಾಜಧಾನಿಯ ಓದುಗವರ್ಗವಿತ್ತು. ಓರ್ಬಹೋಸದಂತಹ ಊರಿನಿಂದ ದೂರವಿದ್ದು, ಅದರ ಕೇಡನ್ನು ಕಂಡು ಸಿಟ್ಟಿಗೇಳಬಲ್ಲ ಜನ ಅವರು. ಅವರ ಸಿಟ್ಟನ್ನು ಎಬ್ಬಿಸಲು ಪೆಪೆ ರೇ ಸಾಯಬೇಕಾಗಿತ್ತು. ವೆಂಕಟರಾಯರ ಓದುಗರು ಕಮಲಪುರದಲ್ಲಿಯೇ ಇದ್ದರು. ಅಂಬಾಬಾಯಿಯ ನೆರೆಹೊರೆಯವರು, ಭೀಮರಾಯನ ಸಹೋದ್ಯೋಗಿಗಳು, ಅಕ್ಷರ ಕಲಿಯುತ್ತಿದ್ದ ಕೆಲವೇ ಮಂದಿ ಹೆಣ್ಣುಮಕ್ಕಳು ಇವರೇ ಆ ಪುಸ್ತಕವನ್ನು ಕೈಗೆತ್ತಿಕೊಳ್ಳಬಹುದಾಗಿದ್ದವರು. ಮನೆಯಿಂದ ಹೊರಬಿದ್ದ ವಿಧವೆ ಹಾಳಾದಳೆಂಬ ಕಥೆಯನ್ನು ಅವರೆಲ್ಲ ದಿನವೂ ಕೇಳುತ್ತಿದ್ದರು. ಅದನ್ನು ಹೇಳಲು ಕಾದಂಬರಿ ಬೇಕಾಗಿರಲಿಲ್ಲ. ಹೊರಬಿದ್ದವಳು ಬದುಕಿದಳೆಂದು ಹೇಳುವುದೇ ಅಲ್ಲಿ ಹೊಸ ಮಾತು.

ಎರಡನೆಯದು ಕಾನೂನು. ಹಿಂದೂ ವಿಧವೆಯರ ಪುನರ್ವಿವಾಹವನ್ನು ಸಕ್ರಮಗೊಳಿಸಿದ ಶಾಸನ ೧೮೫೬ರಲ್ಲಿಯೇ ಬಂದಿತ್ತು. ನಲವತ್ತಮೂರು ವರ್ಷಗಳ ಮೇಲೆಯೂ ಮೇಲುಜಾತಿಯ ಮನೆಗಳಲ್ಲಿ ಅದು ಬಹುಮಟ್ಟಿಗೆ ಕಾಗದದ ಮೇಲಿನ ಮಾತು. ಹಗಲೆಲ್ಲ ಶಾಸನವನ್ನು ಜಾರಿಯಲ್ಲಿಡುವುದೇ ಉದ್ಯೋಗವಾಗಿದ್ದ ಮನುಷ್ಯನಿಗೆ, ಸರಕಾರ ಒಪ್ಪಿದ ಒಂದು ಕಾರ್ಯ ಮನೆಯ ಹೊಸ್ತಿಲಿನಲ್ಲಿ ಬಂದು ನಿಂತುಬಿಟ್ಟುದು ಕಾಣದೆ ಇದ್ದೀತೆ? ಅವರು ಅಸಾಧ್ಯವಾದುದನ್ನು ಕಲ್ಪಿಸಲಿಲ್ಲ. ಶಾಸನ ಸಾಧ್ಯವೆಂದು ಸಾರಿದ್ದನ್ನು, ಪದ್ಧತಿ ತಡೆದಿದ್ದನ್ನು, ನಡೆದಂತೆ ಬರೆದು ತೋರಿಸಿದರು. ಆದುದರಿಂದ ಅವರ ಸುಖಾಂತವನ್ನು ಸ್ವಪ್ನವೆಂದು ಕರೆಯುವುದಕ್ಕಿಂತ, ಹಕ್ಕಿನ ಸ್ಮರಣೆಯೆಂದು ಕರೆಯುವುದು ಯುಕ್ತ. ಇದೇ ಪಡುವಣ ತೀರದಲ್ಲಿ ಮಲಯಾಳದ ಚಂದು ಮೇನೋನರ ‘ಇಂದುಲೇಖಾ’ ೧೮೮೯ರಲ್ಲಿ ಬಂದುದನ್ನೂ ಇಲ್ಲಿ ನೆನೆಯಬೇಕು. ಅವರೂ ನ್ಯಾಯಾಂಗದ ಅಧಿಕಾರಿ. ಅವರ ಕಥಾನಾಯಕಿಯೂ ಹಿರಿಯರ ಹಟವನ್ನು ಮೀರಿ ಗೆಲ್ಲುತ್ತಾಳೆ. ‘ಇಂದುಲೇಖಾ’ವನ್ನು ಡ್ಯೂಮರ್ಗ್ ಎಂಬ ಅಧಿಕಾರಿ ೧೮೯೦ರಲ್ಲಿಯೂ ‘ಇಂದಿರಾಬಾಯಿ’ಯನ್ನು ಕೌಚ್‌ಮನ್ ಎಂಬ ಅಧಿಕಾರಿ ೧೯೦೩ರಲ್ಲಿಯೂ ಇಂಗ್ಲಿಷಿಗೆ ಅನುವಾದಿಸಿದರು. ಆಳುವವರಿಗೆ ಈ ಕಥೆಗಳಲ್ಲಿ ಆಳಲ್ಪಡುವವರ ಮನೆಯೊಳಗಿನ ನೋಟ ದೊರೆತಿತು. ಇಂಗ್ಲಿಷ್ ವಿದ್ಯೆಯೂ ಇಂಗ್ಲೆಂಡಿನ ಪ್ರಯಾಣವೂ ಈ ಗ್ರಂಥದಲ್ಲಿ ಮುಕ್ತಿಮಾರ್ಗವೆಂಬಂತೆ ಬರುವುದನ್ನು ನಾವು ಇಂದು ಸಂಶಯದಿಂದ ನೋಡುವುದು ಸಹಜ. ಸರಕಾರಿ ಸೇವಕನೊಬ್ಬನಿಗೆ ಆ ಸಂಶಯ ಬಾರದೆ ಹೋದುದೂ ಸಹಜ. ಇದು ಗ್ರಂಥದ ದೌರ್ಬಲ್ಯವೆಂದು ಒಪ್ಪತಕ್ಕುದು.

ಮೂರನೆಯ ಕಾರಣ ಭಾಷೆ; ಇದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ನಮಗೆ ತೋರುತ್ತದೆ. ಸಾರಸ್ವತರ ಮನೆಮಾತು ಕೊಂಕಣಿ. ಅಂಬಾಬಾಯಿಯಂತಹ ತಾಯಿ ಮಗಳನ್ನು ಗದರಿಸುವುದು ಕೊಂಕಣಿಯಲ್ಲಿ. ವೆಂಕಟರಾಯರು ಬರೆದುದು ಕನ್ನಡದಲ್ಲಿ. ಎಂದರೆ, ಕಿವಿಯಲ್ಲಿ ಕೇಳಿದುದನ್ನು ಅವರು ಒಮ್ಮೆ ಮನಸ್ಸಿನಲ್ಲಿಯೇ ಅನುವಾದಿಸಿ ಕಾಗದಕ್ಕೆ ಇಳಿಸಬೇಕಾಗಿತ್ತು. ಅನುವಾದಿಸುವಾಗ ಮಾತು ತುಸು ಮೇಲಕ್ಕೇರುತ್ತದೆ, ಗ್ರಂಥಸ್ಥವಾಗುತ್ತದೆ. ಸಜ್ಜನರ ಸಂಭಾಷಣೆಗಳಲ್ಲಿ ಕಾಣುವ ಉಪನ್ಯಾಸದ ಧಾಟಿಗೆ ಇದೂ ಒಂದು ಕಾರಣವಾಗಿರಬೇಕು.

ಇದಕ್ಕೆ ಪ್ರತಿಯಾದ ಉದಾಹರಣೆ ಇದೇ ಕರಾವಳಿಯಲ್ಲಿ ಹನ್ನೆರಡು ವರ್ಷ ಮೊದಲೇ ಹುಟ್ಟಿತ್ತು. ಹೊನ್ನಾವರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು (೧೮೫೨-೧೮೯೨) ೧೮೮೭ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ ಅಥವಾ ಕನ್ಯಾವಿಕ್ರಯದ ಪರಿಣಾಮವು’ ಎಂಬ ನಾಟಕವನ್ನು ಪ್ರಕಟಿಸಿದರು. ಹಣ ತೆಗೆದುಕೊಂಡು ಹೆಣ್ಣು ಕೊಡುವ ಅಂದಿನ ಪದ್ಧತಿಯೇ ಅದರ ವಸ್ತು. ಶಾಸ್ತ್ರಿಗಳು ಹವ್ಯಕರು, ಅವರ ಮನೆಮಾತು ಕನ್ನಡವೇ. ಆದುದರಿಂದ ಅವರು ತಮ್ಮ ಜನ ಜಗಲಿಯಲ್ಲಿ ಕುಳಿತು ಆಡುವ ಹವ್ಯಕ ಕನ್ನಡವನ್ನೇ ಪಾತ್ರಗಳ ಬಾಯಲ್ಲಿಟ್ಟರು. ಪುರಾಣದ ರಾಜರಾಣಿಯರೇ ರಂಗದಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ, ಅಡಿಕೆ ತೋಟದ ಮನೆಯ ಮಾತು ನಾಟಕವಾಗಬಲ್ಲುದೆಂದು ಕಂಡವರು ಅವರು. ಆ ವರ್ಷವೇ ಮದ್ರಿದ್ದಿನಲ್ಲಿ ‘ಫೊರ್ತುನಾತಾ ಮತ್ತು ಹಸಿಂತಾ’ದ ಕೊನೆಯ ಭಾಗ ಹೊರಟಿತು, ಅಲ್ಲಿಯೂ ಬಡ ಹುಡುಗಿಯ ಬೀದಿಮಾತಿಗೆ ಸಾಹಿತ್ಯದಲ್ಲಿ ಸ್ಥಾನ ದೊರೆತಿತು. ದ್ವೀಪದಿಂದ ಬಂದ ಗಾಲ್ದೋಸ್ ರಾಜಧಾನಿಯ ಮಾತನ್ನು ಕಿವಿಗೊಟ್ಟು ಕಲಿತನು; ಕರ್ಕಿಯ ಶಾಸ್ತ್ರಿಗಳಿಗೆ ಅದು ಹುಟ್ಟಿನಿಂದ ಬಂದಿತ್ತು; ವೆಂಕಟರಾಯರಿಗೆ ಆ ಅನುಕೂಲವೇ ಇರಲಿಲ್ಲ. ಹೀಗಿರಲು, ಮಾತಿನ ಜೀವಂತಿಕೆಯನ್ನೇ ಅಳತೆಗೋಲಾಗಿ ಹಿಡಿದು ‘ಇಂದಿರಾಬಾಯಿ’ಯನ್ನು ತೂಗುವುದು ನ್ಯಾಯವಾಗದು. ಅದರ ವಾಸ್ತವತೆ ಮಾತಿನಲ್ಲಿಲ್ಲ. ಮನೆಯ ವ್ಯವಹಾರದಲ್ಲಿದೆ, ಹಣ ಮತ್ತು ಭಕ್ತಿಗಳ ನಡುವಣ ಲೆಕ್ಕದಲ್ಲಿದೆ.

೬

ಗಾಲ್ದೋಸನಿಗೂ ‘ಡೋನ್ಯಾ ಪೆರ್ಫೆಕ್ಟಾ’ ಆರಂಭದ ಕೃತಿ ಮಾತ್ರ. ಅದೂ, ಮರುವರ್ಷದ ‘ಗ್ಲೋರಿಯಾ’ವೂ ವಾದವನ್ನು ಸಾಧಿಸಲು ಬರೆದ ಕಥೆಗಳು, ಅಲ್ಲಿಯೂ ಒಳ್ಳೆಯವರು ಹೆಚ್ಚು ಒಳ್ಳೆಯವರು, ಕೆಟ್ಟವರು ಹೆಚ್ಚು ಕೆಟ್ಟವರು. ೧೮೮೧ರಿಂದ ಈಚೆಗೆ ಅವನು ವಾದವನ್ನು ಬಿಟ್ಟು ಮನುಷ್ಯರನ್ನು ಹಿಡಿದನು. ಅದಕ್ಕೆ ಅವನಿಗೆ ನಾಲ್ಕು ದಶಕಗಳ ಬರವಣಿಗೆಯ ಬದುಕು, ಪತ್ರಿಕೆ, ಪ್ರಕಾಶಕರು, ಓದುಗರು ಎಲ್ಲವೂ ಒದಗಿದುವು. ವೆಂಕಟರಾಯರಿಗೆ ಒದಗಿದುದು ಉದ್ಯೋಗದ ಕೊನೆಯಂಚಿನ ಕೆಲವು ವರ್ಷಗಳು, ಎರಡು ಕಥೆಗಳು. ಒಬ್ಬನು ಒಂದು ಜೀವಮಾನದಲ್ಲಿ ನಡೆದ ದಾರಿಯನ್ನು ನಮ್ಮಲ್ಲಿ ಒಂದು ಭಾಷೆ ಹಲವರ ಜೀವಮಾನಗಳಲ್ಲಿ ನಡೆಯಬೇಕಾಯಿತು.

ಆ ದಾರಿಯನ್ನು ಗುರುತಿಸುವುದು ಕಷ್ಟವಲ್ಲ. ೧೯೦೫ರಲ್ಲಿ ಬೋಳಾರ ಬಾಬುರಾಯರ ‘ವಾಗ್ದೇವಿ’ ಮಠದ ಒಳಗಿನ ವ್ಯವಹಾರವನ್ನೇ ವಸ್ತುವಾಗಿ ಮಾಡಿಕೊಂಡಿತು. ಕೋಟದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ (೧೯೪೨) ಉಪದೇಶದ ಹಂಗಿಲ್ಲದೆ ಕರಾವಳಿಯ ಮೂರು ತಲೆಮಾರುಗಳ ಬಾಳನ್ನು ಬರೆದರು, ೧೯೬೮ರ ‘ಮೂಕಜ್ಜಿಯ ಕನಸುಗಳು’ ಕೃತಿಯಲ್ಲಿ ಬಾಲವಿಧವೆಯಾಗಿ ಮುಪ್ಪಾದ ಹೆಂಗಸೊಬ್ಬಳ ಕಣ್ಣಿನಿಂದ ಧರ್ಮವನ್ನೂ ಚರಿತ್ರೆಯನ್ನೂ ಪರೀಕ್ಷಿಸಿದರು. ಮನೆ ಬಿಟ್ಟು ಗೆದ್ದ ಇಂದಿರೆ ಒಂದು ಕೊನೆ. ಮನೆಯಲ್ಲಿಯೇ ಉಳಿದು ಎಲ್ಲವನ್ನೂ ಕಂಡ ಮೂಕಜ್ಜಿ ಇನ್ನೊಂದು ಕೊನೆ.

ಹಿರೇಗುತ್ತಿಗೆ ದೂರವಲ್ಲದ ಹನೇಹಳ್ಳಿಯಲ್ಲಿ ೧೯೨೮ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರದು ಈ ದಾರಿಯಲ್ಲಿ ಇನ್ನೊಂದು ಮೈಲಿಗಲ್ಲು. ವೆಂಕಟರಾಯರಂತೆ ಅವರದೂ ಮನೆಮಾತು ಕೊಂಕಣಿ, ಬರವಣಿಗೆ ಕನ್ನಡ. ಆದರೆ ಅವರಿಗೆ ಬರುವ ಹೊತ್ತಿಗೆ ಕನ್ನಡ ಗದ್ಯ ಕೊಂಕಣಿಯ ಉಸಿರನ್ನೂ ತನ್ನೊಳಗೆ ಇಟ್ಟುಕೊಳ್ಳುವಷ್ಟು ಪಳಗಿತ್ತು. ೧೯೬೪ರಲ್ಲಿ ಬಂದ ಅವರ ‘ಮೂರು ದಾರಿಗಳು’ ಹುಡುಗಿಯೊಬ್ಬಳ ಹೆಸರಿಗೆ ತಗಲಿದ ಅಪವಾದ ಒಂದು ಸಂಸಾರವನ್ನು ಹೇಗೆ ಒಡೆಯುತ್ತದೆಂಬುದರ ದುರಂತಕಥೆ. ಅಲ್ಲಿ ಸಂತರಿಲ್ಲ, ಬಹಿಷ್ಕಾರದ ಸಾರುವಿಕೆಯಿಲ್ಲ. ಊರಿನ ಬಾಯಿ ಇದೆ, ಅಷ್ಟೇ ಸಾಕಾಗುತ್ತದೆ. ಅರುವತ್ತೈದು ವರ್ಷ ಹಿಂದೆ ವೆಂಕಟರಾಯರು ಸಾರಿದ್ದ ವಿಜಯ ಈ ಕರಾವಳಿಯ ಮನೆಗಳಿಗೆ ಪೂರ್ತಿಯಾಗಿ ಬಂದು ಮುಟ್ಟಿರಲಿಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಗಾಲ್ದೋಸ್ ಓರ್ಬಹೋಸದಲ್ಲಿ ಕಂಡುದನ್ನು ಕನ್ನಡ ಕಾದಂಬರಿಯೂ ಕೊನೆಗೆ ಕಂಡಿತು. ಆದರೆ ನೇರವಾಗಿ ಅಲ್ಲಿಗೆ ಹೋಗಲಿಲ್ಲ. ಮೊದಲು ಇಂದಿರೆಯನ್ನು ಬದುಕಿಸಿ, ಆಮೇಲೆ ಹೋಯಿತು.

೨೦೧೯ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರು ‘ಇಂದಿರಾಬಾಯಿ’ಯನ್ನು ಹೊಸದಾಗಿ ಇಂಗ್ಲಿಷಿಗೆ ತಂದರು. ಕೌಚ್‌ಮನ್ನನ ಅನುವಾದ ಆಳುವವರ ಕುತೂಹಲದಿಂದ ಹುಟ್ಟಿದುದಾದರೆ, ಇದು ನಮ್ಮ ಇತಿಹಾಸವನ್ನು ನಾವೇ ಮರಳಿ ಓದುವ ಆಸೆಯಿಂದ ಹುಟ್ಟಿದು. ನಮ್ಮ ತರಗತಿಗಳಲ್ಲಿಯೂ ಈ ಮರುಓದು ಆಗಬೇಕು. ‘ಮೊದಲ ಸಾಮಾಜಿಕ ಕಾದಂಬರಿ’ ಎಂಬ ಬಿರುದಿನಿಂದ ಆ ಗ್ರಂಥಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿದೆ. ಮೊದಲನೆಯದೆಂದ ಮೇಲೆ ಓದದಿದ್ದರೂ ಆದೀತು ಎಂಬ ಭಾವನೆ ಬೆಳೆದಿದೆ. ವಿದ್ಯಾರ್ಥಿಗಳು ಅದರ ಕೊನೆಯ ಪ್ರಕರಣಗಳ ವಿಜಯವನ್ನು ಬೇಕಾದರೆ ಪ್ರಶ್ನಿಸಲಿ. ಆದರೆ ಮೊದಲು ಅಂಬಾಬಾಯಿಯ ಮನೆಯ ಒಳಗೆ ಹೋಗಲಿ. ಅಲ್ಲಿ ದೀಪ ಉರಿಯುತ್ತಿದೆ, ಭಜನೆ ನಡೆಯುತ್ತಿದೆ, ಹಣ ಎಣಿಸುವ ಸದ್ದು ಅದರೊಡನೆ ಸೇರಿದೆ. ಆ ಸದ್ದನ್ನು ಕನ್ನಡದಲ್ಲಿ ಮೊದಲು ಕೇಳಿ ಬರೆದಿಟ್ಟವರು ಗುಲ್ವಾಡಿಯ ವೆಂಕಟರಾಯರು.